ಗೋಡೆಯ ಎಡತುದಿಯ ಹೆಂಗಸು

ಪುಸ್ತಕವನ್ನು ಅವಳು ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿದಳು, ಆಫೀಸಿನ ಸಂಚಾಲಕನ ಹೆಸರು ಕಣ್ಣಿಗೆ ಬೀಳದಿರಲಿ ಅಂತ. ಹಿಂಬದಿಯಲ್ಲಿ ಅವನ ಫೋಟೋನೇ ಇತ್ತು. ಕೈಕಟ್ಟಿ, ಕತ್ತು ಒಂದಿಷ್ಟು ವಾರೆ ಮಾಡಿ, ಲೋಕದ ಚಿತ್ರಕಲೆಯೆಲ್ಲ ತನ್ನ ಅಂಗಿಯ ಜೇಬಿನಲ್ಲೇ ಇದೆ ಅನ್ನುವ ಹಾಗೆ ನಗುತ್ತಿದ್ದ. ಮತ್ತೆ ಮಗುಚಿದಳು. ನಿನ್ನೆ ಸಂಜೆಯಿಂದ ಇದು ಎಷ್ಟನೆಯ ಸಲವೋ. ಅರವತ್ತನಾಲ್ಕು ಪುಟದ ಸಣ್ಣ ಪುಸ್ತಕ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳದು. ಹೊರದೇಶದ ಕಾಲೇಜಿನಿಂದ ನಾಲ್ಕು ತಿಂಗಳ ಓದಿನ ಕಾರ್ಯಕ್ರಮಕ್ಕೆಂದು ಇಲ್ಲಿಗೆ ಬರುವ ಮಕ್ಕಳ ಮುಂದೆ ಹತ್ತೊಂಬತ್ತು ವರ್ಷ ನಿಂತು ಅವಳು ಮಾಡಿದ ಕಲಾ ಇತಿಹಾಸದ ಪಾಠ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದ ಜಾಗ ಕೂಡ ಹಾಗೇ ಇತ್ತು. 'ದಾಖಲೆಗೆ ಒಂದು ಪ್ರತಿ ಇರಲಿ ಮೇಡಂ' ಅಂತ ಹೋದ ವರ್ಷ ಟೈಪು ಮಾಡಿದ ಹಾಳೆಗಳನ್ನು ಅವನು ಕೇಳಿ ಇಸಿದುಕೊಂಡಿದ್ದ. ದಾಖಲೆಯಂತೆ ದಾಖಲೆ. ಈಗ ಮುಖಪುಟದಲ್ಲಿ ಅವನ ಹೆಸರು, ಒಳಗೆ ಅವಳ ಮಾತು, ಕೊನೆಯ ಪುಟದ ಬುಡದಲ್ಲಿ ಇರುವೆಯಂಥ ಅಕ್ಷರದಲ್ಲಿ 'ನೆರವಾದ ಸ್ಥಳೀಯ ಸಿಬ್ಬಂದಿಗೆ ಕೃತಜ್ಞತೆಗಳು'. ಆಫೀಸು ಗುಡಿಸುವಾಕೆ, ಬಸ್ಸಿನ ಡ್ರೈವರು, ಜೆರಾಕ್ಸ್ ಅಂಗಡಿಯವನು, ಅವಳು, ಎಲ್ಲರೂ ಆ ಒಂದೇ ಸಾಲಿನಲ್ಲಿ ಒತ್ತಿಕೊಂಡು ಕೂತಿದ್ದರು. ಉಳಿದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರು ಯಾರೂ ಅವಳ ಪಾಠ ಕದ್ದಿರಲಿಲ್ಲ.

ಅಕ್ಕ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ಬೂಟು ಕಳಚುತ್ತಿದ್ದಳು. ಮೂವತ್ತು ವರ್ಷದಿಂದ ನರ್ಸು. ಯಾರ ನೋವನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ನೋಡುತ್ತ ನಿಲ್ಲುವ ಅಭ್ಯಾಸ ಅವಳಿಗಿಲ್ಲ.

"ಇನ್ನೂ ಅದನ್ನ ಮಗುಚ್ತಾನೇ ಇದೀಯಾ?" ಅಂದಳು. "ಎರಡೂ ಕಡೆ ಬೆಂದಾಯ್ತು, ಇಳಿಸು ಸಾಕು."

"ತಮಾಷೆ ಬೇಡ ಅಕ್ಕ. ಮೈಯೆಲ್ಲ ಉರೀತಾ ಇದೆ."

"ಉರಿಯೋದನ್ನ ಇಲ್ಲಿ ತಟ್ಟೆ ಲೋಟಕ್ಕೆ ತೋರಿಸಿದ್ರೆ ಏನು ಬಂತು? ಇವತ್ತು ಆ ಡೀನು ಬರ್ತಾನಲ್ಲ, ಅವನ ಮುಂದೇನೇ ಅನ್ನು, ಇದು ನಂದು ಅಂತ. ಎರಡು ಪದ. ಅದಕ್ಕೂ ಪಿಎಚ್‌ಡಿ ಬೇಕಾ?"

"ಅಂತೀನಿ."

"ಕ್ಲಾಸು ಕಮ್ಮಿ ಮಾಡಿದಾಗಲೂ ಹೀಗೇ ಅಂದಿದ್ದೆ. ಹೋಗಿ ಉಗುಳು ನುಂಗ್ಕೊಂಡು ಬಂದೆ."

ಅಕ್ಕ ಹೇಳಿದ್ದರಲ್ಲಿ ಸುಳ್ಳೇನಿತ್ತು? ಪ್ರತಿ ಅವಧಿ ಮುಗಿಯುವಾಗ ಒಂದು ಕಾಗದ ಬರುತ್ತದೆ, ಮುಂದಿನ ನಾಲ್ಕು ತಿಂಗಳಿಗೂ ನೀವು ಬೇಕು ಅಂತ. ಹತ್ತೊಂಬತ್ತು ವರ್ಷವನ್ನು ಅವಳು ನಾಲ್ಕು ನಾಲ್ಕು ತಿಂಗಳಾಗಿಯೇ ಬದುಕಿದ್ದಾಳೆ. ಹೋದ ಸಲದ ಕಾಗದದಲ್ಲಿ ವಾರಕ್ಕೆ ಹನ್ನೆರಡು ಗಂಟೆಯ ಪಾಠ ಇದ್ದದ್ದು ಆರಾಗಿತ್ತು. ಈ ಸಲದ ಕಾಗದಕ್ಕೆ ಡೀನರ ಸಹಿ ಇನ್ನೂ ಬಿದ್ದಿಲ್ಲ. ಹೊರದೇಶದ ಆ ಕಾಲೇಜಿನಿಂದ ಅವರು ಬಂದಿರುವುದು ಅದಕ್ಕೂ ಸೇರಿಯೇ. ಬಾಯಿ ಬಿಟ್ಟರೆ ಕಾಗದ ಬರುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಪುಸ್ತಕ ಅವನದಾಗುತ್ತದೆ, ಆಮೇಲೆ ಪಾಠವೂ ಅವನದಾಗುತ್ತದೆ, ಐವತ್ತಮೂರನೆಯ ವಯಸ್ಸಿನಲ್ಲಿ ಅವಳು ತನ್ನದೇ ಮಾತನ್ನು ಅವನ ಪುಸ್ತಕದಿಂದ ಎತ್ತಿ ಒಪ್ಪಿಸಿದ ಹಾಗಾಗುತ್ತದೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಹೇಳಬೇಕಾದ ವಾಕ್ಯವನ್ನು ಜೋಡಿಸಿದಳು. 'ಡೀನ್ ಸರ್, ಈ ಪುಸ್ತಕದಲ್ಲಿರುವುದೆಲ್ಲ ನನ್ನ ಪಾಠ.' ಸರ್ ಬೇಡ ಅನ್ನಿಸಿತು. 'ಈ ಪುಸ್ತಕ ನನ್ನದು.' ಪಕ್ಕದಲ್ಲಿದ್ದ ಮುದುಕರೊಬ್ಬರು ತಿರುಗಿ ನೋಡಿದಾಗ, ಗಟ್ಟಿಯಾಗಿಯೇ ಅಂದುಬಿಟ್ಟೆ ಅಂತ ಗೊತ್ತಾಯಿತು. ಮುಂದಿನ ನಿಲ್ದಾಣದವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕಾರ್ಯಕ್ರಮದ ಆಫೀಸು ಕನ್ನಡಕದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಎರಡು ಪಾಠದ ಕೋಣೆ, ನಾಲ್ಕು ಜನ ನಿಂತರೆ ತುಂಬುವ ಲೈಬ್ರರಿ, ಸಂಚಾಲಕನಿಗೆ ಕಿಟಕಿಯಿರುವ ಒಂದು ಕೋಣೆ. ಇಪ್ಪತ್ತು ಮಕ್ಕಳು ಮೆಟ್ಟಿಲ ಮೇಲೆಲ್ಲ ಹರಡಿಕೊಂಡು ಕೂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪುಸ್ತಕ. ಡೀನರು ಅವಳನ್ನು ಕಂಡು ತುಂಬ ಸಂತೋಷಪಟ್ಟರು. "ಓಹೋ, ನಮ್ಮ ಗೈಡ್ ಬಂದ್ರು," ಅಂದರು. ಗೈಡ್. ಮೂರು ವರ್ಷದ ಹಿಂದೆ ಇವರೇ ಬಂದಿದ್ದಾಗ ಬೋಧಕರೆಲ್ಲರ ಫೋಟೋ ತೆಗೆಸಿದ್ದರು. ಎಲ್ಲರೂ ಸಾಲಾಗಿ ನಿಂತ ಮೇಲೆ ಸಂಚಾಲಕ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು 'ಮೇಡಂ, ನಿಮ್ಮ ಕೈ ನಡುಗಲ್ಲ, ನೀವೇ ತೆಗೀರಿ' ಅಂದಿದ್ದ. ತೆಗೆದಿದ್ದಳು. ಎರಡು ತೆಗೆದಿದ್ದಳು, ಒಂದರಲ್ಲಿ ಯಾರದೋ ಕಣ್ಣು ಮುಚ್ಚಿದೆ ಅಂತ. ಆ ಫೋಟೋ ಈಗಲೂ ಬಾಗಿಲ ಪಕ್ಕ ನೇತಾಡುತ್ತಿದೆ, ದಿನಾ ಅದನ್ನು ದಾಟಿಯೇ ಒಳಗೆ ಹೋಗಬೇಕು. ಈ ಸಂಚಾಲಕನಿಗೆ ಪಾಠ ಮಾಡಲು ಕಲಿಸಿದವಳೇ ಅವಳು. ಇಪ್ಪತ್ತಾರು ವರ್ಷದವನು ಹೊಸದಾಗಿ ಬಂದಿದ್ದಾಗ ಮಕ್ಕಳನ್ನು ಕಂಡರೆ ಬೆವರುತ್ತಿದ್ದ. ಎಲ್ಲಿ ನಿಂತರೆ ಮಕ್ಕಳ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಯಾವಾಗ ಸುಮ್ಮನಿರಬೇಕು, ಚಿತ್ರಕ್ಕೆ ಬೆನ್ನು ತಿರುಗಿಸಿ ನಿಂತು ಯಾಕೆ ಮಾತಾಡಬಾರದು, ಒಂದೊಂದನ್ನೂ ಕೈಹಿಡಿದು ಹೇಳಿಕೊಟ್ಟಿದ್ದಳು. ಆಗ ಅವಳ ಪಾಠವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅಷ್ಟು ಚೆನ್ನಾಗಿ ಕೇಳುತ್ತಿದ್ದದ್ದು ಯಾಕೆ ಅಂತ ಅವಳಿಗೆ ಈಗ ಗೊತ್ತಾಗುತ್ತಿದೆ, ಹನ್ನೊಂದು ವರ್ಷ ತಡವಾಗಿ.

"ಪುಸ್ತಕ ನೋಡಿದ್ರಾ ಮೇಡಂ?" ಅಂದ ಸಂಚಾಲಕ, ಕೋಟಿನ ತೋಳು ಸರಿಮಾಡಿಕೊಳ್ಳುತ್ತ.

"ನೋಡಿದೆ."

"ಹೇಗಿದೆ?"

"ಎಲ್ಲೋ ಓದಿದ ಹಾಗಿತ್ತು."

ಅವನು ನಕ್ಕ. ಆ ನಗುವಿನಲ್ಲಿ ಒಂದು ಚೂರಾದರೂ ಅಳುಕು ಇದ್ದಿದ್ದರೆ ಅವಳು ಅರ್ಧ ಕ್ಷಮಿಸಿಬಿಡುತ್ತಿದ್ದಳೋ ಏನೋ. "ನಾವೆಲ್ಲ ಒಂದೇ ತಂಡ ಅಲ್ವಾ ಮೇಡಂ," ಅಂತ ಭುಜ ತಟ್ಟಿದ. ಪಿತ್ತ ನೆತ್ತಿಗೇರಿತು. ಈಗಲೇ ಅಂದುಬಿಡಲೇ ಅಂತ ತಿರುಗಿದಳು, ಡೀನರು ಫೋನಿನಲ್ಲಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ನೋಡಲು ಹೋಗುವ ಚಿತ್ರದ ಗೋಡೆಯ ಮುಂದೆಯೇ ಹೇಳೋಣ, ಅಲ್ಲಿ ಎಲ್ಲರೂ ಇರುತ್ತಾರೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಸಮಾಧಾನವೋ ಪುಕ್ಕಲುತನವೋ ಅಂತ ಕೇಳಿಕೊಳ್ಳಲಿಲ್ಲ.

ಡೀನರ ಜೊತೆ ಮುಂದೆ ನಡೆಯುವುದು ಅವನ ಕೆಲಸ, ಮಕ್ಕಳನ್ನು ಎಣಿಸಿಕೊಂಡು ಹಿಂದೆ ಬರುವುದು ಅವಳ ಕೆಲಸ. ಹಳೆಯ ವರ್ತಕನೊಬ್ಬನ ಮನೆಗೆ ಹದಿನೈದು ನಿಮಿಷದ ದಾರಿ. ಅದರ ಮಹಡಿಯ ಉದ್ದನೆಯ ಹಜಾರದ ಒಂದು ಗೋಡೆಯ ತುಂಬ, ಮುನ್ನೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಚಿತ್ರ: ಯಜಮಾನನ ಔತಣ. ಉದ್ದ ಮೇಜು, ಅತಿಥಿಗಳು, ವಾದ್ಯದವರು, ಮೇಜಿನ ಕೆಳಗೆ ನಾಯಿ, ಎಡತುದಿಯಲ್ಲಿ ಒಂಟಿಯಾಗಿ ಒಬ್ಬ ಹೆಂಗಸು. ಛಾವಣಿ ಕುಸಿಯುತ್ತದೆ ಅಂತ ಇಪ್ಪತ್ತೆರಡು ವರ್ಷದ ಹಿಂದೆ ಹಜಾರಕ್ಕೆ ಬೀಗ ಹಾಕಿದ್ದರು. ರಿಪೇರಿ ಮುಗಿದು ಬಾಗಿಲು ತೆಗೆಯುವುದು ಇವತ್ತು. ಈ ಅವಧಿಯ ಮಕ್ಕಳಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಗೋಡೆಯ ಮುಂದೆ ತಾನೇ ಮಾಡುತ್ತೇನೆ ಅಂತ ಸಂಚಾಲಕ ತಡೆಹಿಡಿದಿದ್ದ. ಅವಳೋ, ಹತ್ತೊಂಬತ್ತು ವರ್ಷ ಪಾಠ ಮಾಡಿದ ಗೋಡೆಯನ್ನು ಒಂದು ಸಲವೂ ಕಣ್ಣಾರೆ ಕಂಡವಳಲ್ಲ. ಕೆಲಸ ನಡೆಯುವಾಗ ಒಳಗೆ ಬಿಡುವ ಚೀಟಿ ಎರಡು ಬಂದಿದ್ದವು. ಒಂದು ಸಂಚಾಲಕನಿಗೆ, ಅವನು ಹೋಗಲಿಲ್ಲ, ಧೂಳಿಗೆ ಮೂಗು ಕಟ್ಟುತ್ತದಂತೆ. ಇನ್ನೊಂದು, ಡೀನರು ಬಂದರೆ ಬೇಕಾಗುತ್ತದೆ ಅಂತ ಡ್ರಾಯರಿನಲ್ಲಿ ಕೊಳೆಯಿತು. ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲು ನಾಚಿಕೆಯಾಯಿತು.

ಗೋಡೆಯನ್ನು ಕಂಡಿದ್ದವರು ಅವಳ ಗುರುಗಳು. ಬೀಗ ಬೀಳುವ ಮೊದಲೇ ಅದರ ಸ್ಲೈಡುಗಳನ್ನು ತೆಗೆದಿಟ್ಟಿದ್ದರು. ಉಳಿದವರ ಹಳೆಯ ಫೋಟೋಗಳೆಲ್ಲ ಎಡತುದಿ ಮುಟ್ಟುವ ಮೊದಲೇ ನಿಂತುಬಿಡುತ್ತವೆ, ಅಲ್ಲೊಂದು ಮರದ ಬೀರು ಇತ್ತಂತೆ. ಗುರುಗಳೊಬ್ಬರೇ ಬೀರು ಸರಿಸಿ, ಹಿಂದಿದ್ದ ಹೆಂಗಸೊಬ್ಬಳನ್ನೇ ಒಂದು ಸ್ಲೈಡಿನಲ್ಲಿ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಅವರ ಮಗ 'ಬೇಕಾದ್ರೆ ತಗೊಂಡ್ಹೋಗಿ, ಇಲ್ಲಾಂದ್ರೆ ಗುಜರಿಗೆ' ಅಂತ ಪೆಟ್ಟಿಗೆಗಳನ್ನು ಅವಳ ಕೈಗೆ ಹಾಕಿದ್ದ. ಸ್ಲೈಡುಗಳ ಚೌಕಟ್ಟುಗಳು ಮುರಿದಿದ್ದವು. ಕಿಟಕಿಯ ಬಳಿ ಕೂತು ಅವಳೇ ಎಲ್ಲವನ್ನೂ ಹೊಸ ಚೌಕಟ್ಟಿಗೆ ಹಾಕಿದ್ದಳು, ಒಂದೊಂದರ ಮೂಲೆಯಲ್ಲೂ ಕೆಂಪು ಚುಕ್ಕೆ ಇಟ್ಟು. ಪ್ರೊಜೆಕ್ಟರಿಗೆ ಹಾಕುವಾಗ ಯಾವ ಬದಿ ಯಾವ ಕಡೆಗೆ ಅಂತ ಹೆಬ್ಬೆರಳಿಗೆ ತಿಳಿಯಲಿ ಅಂತ ಈ ಕೆಲಸದವರೆಲ್ಲ ಇಡುವ ಚುಕ್ಕೆ ಅದು. ಅವಳ ಚುಕ್ಕೆಯ ಪ್ರಕಾರ ಹೆಂಗಸು ಔತಣಕ್ಕೆ ಬೆನ್ನು ಹಾಕಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ಎಲ್ಲರೂ ಉಣ್ಣುತ್ತಿರುವಾಗ ಅವಳೊಬ್ಬಳು ಹೊರಟಿದ್ದಾಳೆ. ಚುಕ್ಕೆ ಇಟ್ಟ ಆ ವರ್ಷವೇ ಅವಳೂ ಗಂಡನ ಮನೆ ಬಿಟ್ಟು ಎರಡು ಚೀಲ ಹಿಡಿದು ಅಕ್ಕನ ಮನೆಗೆ ಬಂದಿದ್ದಳು. ಪಾಠದ ಕೋಣೆಯ ಕತ್ತಲಲ್ಲಿ ಆ ಸ್ಲೈಡು ಪರದೆಗೆ ಬಿದ್ದಾಗಲೆಲ್ಲ ಅವಳು ಮುಂದಿನದಕ್ಕೆ ಹೋಗಲು ತಡಮಾಡುತ್ತಿದ್ದಳು, ಮಕ್ಕಳೂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಅದೇ ಸ್ಲೈಡು ಈಗ ಅವನ ಪುಸ್ತಕದ ಮುಖಪುಟ. 'ಹೊರಟವಳು' ಅಂತ ಹೆಸರಿಟ್ಟಿದ್ದಾನೆ. ಆ ಹೆಸರೂ ಅವಳು ಇಟ್ಟದ್ದೇ.

ಹಜಾರದ ಬಾಗಿಲಲ್ಲಿ ನಿಂತು ಇಪ್ಪತ್ತು ತಲೆ ಎಣಿಸಿ ಒಳಗೆ ಬರುವಷ್ಟರಲ್ಲಿ ಸಂಚಾಲಕ ಶುರುಮಾಡಿಯಾಗಿತ್ತು. ಗೋಡೆಗೆ ಬೆನ್ನು ಹಾಕಿ, ಡೀನರ ಮುಖ ನೋಡುತ್ತ, ಪುಸ್ತಕ ತೆರೆದು ಓದುತ್ತಿದ್ದ. "ಎಲ್ಲರೂ ಉಣ್ಣಲು ಬಂದಿದ್ದಾರೆ. ಒಬ್ಬಳು ಮಾತ್ರ ಸಾಕು ಅಂದಿದ್ದಾಳೆ." ಸಾಕು ಅನ್ನುವಲ್ಲಿ ಅವಳು ಧ್ವನಿ ಇಳಿಸುತ್ತಿದ್ದಳು, ಅವನೂ ಇಳಿಸಿದ. ಕಳ್ಳ. ಧ್ವನಿಯನ್ನೂ ಬಿಟ್ಟಿಲ್ಲ ಕಳ್ಳ. ಡೀನರು ಕಣ್ಣು ಅರೆಮುಚ್ಚಿ ತಲೆದೂಗುತ್ತಿದ್ದರು. ಈ ಸಲ ಉಗುಳು ನುಂಗುವುದಿಲ್ಲ ಅಂತ ಮಕ್ಕಳನ್ನು ಸರಿಸಿಕೊಂಡು ಮುಂದೆ ಬಂದಳು, 'ಈ ಪುಸ್ತಕ' ಅನ್ನುವವರೆಗೆ ಮಾತು ನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಅವನ ಭುಜದಾಚೆ ಗೋಡೆಯ ಎಡತುದಿ ಕಂಡಿತು.

ಹೆಂಗಸು ಒಳಗೆ ಬರುತ್ತಿದ್ದಳು.

ತೊಳೆದು ಒರೆಸಿದ ಗೋಡೆಯ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಅವಳ ಮುಖ ಮೇಜಿನ ಕಡೆಗಿತ್ತು. ಹೆಜ್ಜೆ ಮೇಜಿನ ಕಡೆಗಿತ್ತು. ಕಂಕುಳಲ್ಲಿದ್ದದ್ದು ಗಂಟಲ್ಲ, ಬಟ್ಟೆ ಸುತ್ತಿ ಹಿಡಿದ, ಮುಚ್ಚಳವಿರುವ ಪಾತ್ರೆ. ಬಡಿಸುವವಳು. ನೋಡುತ್ತ ನಿಂತವಳಿಗೆ ತಾನು ಚುಕ್ಕೆ ಇಡುತ್ತ ಕೂತಿದ್ದ ಆ ಕಿಟಕಿ ನೆನಪಾಯಿತು, ಎರಡು ಬೆರಳ ನಡುವೆ ಹಿಡಿದ ಆ ತುಂಡು ಫಿಲ್ಮು ನೆನಪಾಯಿತು. ಫಿಲ್ಮಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ, ಅದನ್ನು ನೋಡಿ ಚುಕ್ಕೆ ಇಡಬೇಕು. ಆ ಒಂದರಲ್ಲಿ ಮಾತ್ರ ಎರಡೂ ಬದಿ ಮಾಸಿತ್ತು. ಗುರುಗಳ ಹಳೆಯ ಟಿಪ್ಪಣಿ ತೆಗೆದು ನೋಡಬಹುದಿತ್ತು, ಪೆಟ್ಟಿಗೆಯ ತಳದಲ್ಲೇ ಇತ್ತು. ನೋಡಲಿಲ್ಲ. ಹೀಗೊಮ್ಮೆ ಹಿಡಿದಳು, ಹಾಗೊಮ್ಮೆ ಹಿಡಿದಳು, ಯಾವುದು ಚೆನ್ನಾಗಿ ಕಂಡಿತೋ ಆ ಬದಿಗೆ ಚುಕ್ಕೆ ಇಟ್ಟಳು. ಮರೆತದ್ದಲ್ಲ, ಕೈತಪ್ಪಿದ್ದಲ್ಲ. ಅವಳಿಗೆ ಹೊರಟವಳು ಬೇಕಾಗಿದ್ದಳು, ಅದಕ್ಕೇ ಹೊರಡಿಸಿದಳು. ಒಂದೊಂದು ಅವಧಿಗೆ ಇಪ್ಪತ್ತು ಮಕ್ಕಳಂತೆ ಎಷ್ಟು ಮಕ್ಕಳು ಈ ಸುಳ್ಳನ್ನು ಬರೆದುಕೊಂಡು ತಮ್ಮ ತಮ್ಮ ಊರಿಗೆ ಹೋದರು? ಸಿಟ್ಟು ಇನ್ನೂ ಇತ್ತು, ಯಾರ ಮೇಲೆ ಅಂತ ಮಾತ್ರ ಹೇಳಲಾರದವಳಾದಳು.

"ಸರ್," ಅಂದಳು ಮುಂದಿನ ಸಾಲಿನ ಹುಡುಗಿ. ದಪ್ಪ ಕನ್ನಡಕದ, ಎಲ್ಲದಕ್ಕೂ ಪ್ರಶ್ನೆ ಕೇಳಿ ಪ್ರಾಣ ತಿನ್ನುವ ಹುಡುಗಿ. ಪುಸ್ತಕವನ್ನು ಎತ್ತಿ ಗೋಡೆಯ ಪಕ್ಕಕ್ಕೆ ಹಿಡಿದಿದ್ದಳು. "ಮುಖಪುಟದ ಚಿತ್ರ ಉಲ್ಟಾ ಇದೆಯಲ್ಲ. ಇವರು ಹೊರಟಿಲ್ಲ, ಬರ್ತಾ ಇದ್ದಾರೆ."

ಸಂಚಾಲಕ ಆಗ ತಿರುಗಿದ. ಗೋಡೆ ನೋಡಿದ, ಪುಸ್ತಕ ನೋಡಿದ, ಮತ್ತೆ ಗೋಡೆ ನೋಡಿದ. ಕತ್ತಿನ ಹಿಂಭಾಗ ಕೆಂಪಾಗುತ್ತ ಹೋಯಿತು. ಇಪ್ಪತ್ತಾರರ ಆ ಹುಡುಗ ಬೆವರುತ್ತಿದ್ದದ್ದೂ ಹೀಗೇ, ಮೊದಲು ಕತ್ತು. ಆದರೆ ಈಗ ಅವನಿಗೆ ಮೂವತ್ತೇಳು, ಚೇತರಿಸಿಕೊಳ್ಳುವುದನ್ನು ಕಲಿತಿದ್ದಾನೆ. ಸರ್ರನೆ ನಗು ತಂದುಕೊಂಡು ಅವಳ ಕಡೆ ಕೈ ತೋರಿಸಿದ.

"ಈ ಭಾಗ ಎಲ್ಲ ನಮ್ಮ ಮೇಡಂ ಅವರ ಟಿಪ್ಪಣಿಯಿಂದ ತಗೊಂಡಿದ್ದು. ಸ್ಲೈಡೂ ಅವರದೇ. ಮೇಡಂ, ನೀವೇ ಹೇಳಿ, ಏನಾಯ್ತು ಇದು?"

ಎಲ್ಲರೂ ಅವಳ ಕಡೆ ತಿರುಗಿದರು. ಹತ್ತೊಂಬತ್ತು ವರ್ಷ ಕೊಡದ ಗೌರವವನ್ನು ಎಷ್ಟು ಧಾರಾಳವಾಗಿ ಕೊಡುತ್ತಿದ್ದಾನೆ, ಪುಣ್ಯಾತ್ಮ. ಒಂದೇ ಮಾತು ಸಾಕಿತ್ತು. 'ನನಗೇನು ಗೊತ್ತು, ಪುಸ್ತಕ ನಿಮ್ಮದಲ್ವಾ' ಅಂದಿದ್ದರೆ ಅವನು ಅಲ್ಲೇ, ಡೀನರ ಕಣ್ಣೆದುರೇ ಮಣ್ಣುಮುಕ್ಕುತ್ತಿದ್ದ. ನಿನ್ನೆಯಿಂದ ಅವಳು ಬೇಡಿಕೊಂಡದ್ದು ಇದನ್ನೇ ತಾನೇ? ಮಾತು ತುದಿನಾಲಿಗೆಯಲ್ಲಿ ಸಿಹಿಯಾಗಿ ಕೂತಿತ್ತು. ಅಂದರೆ ಕಾಗದವೂ ಬರುತ್ತದೆ, ಯಾರಿಗೆ ಗೊತ್ತು, ಹನ್ನೆರಡು ಗಂಟೆಯ ಪಾಠವೂ ವಾಪಸು ಬರುತ್ತದೆ. ಆದರೆ ಆ ಅರವತ್ತನಾಲ್ಕು ಪುಟ, ಅದರ ಒಂದೊಂದು ಸಾಲು, ತಪ್ಪು ಸಮೇತ, ಯಾವತ್ತಿಗೂ ಅವನದಾಗುತ್ತದೆ. ತನ್ನ ಕೂಸನ್ನು ಬೇರೆಯವರದು ಅಂತ ಅವಳೇ ಎತ್ತಿ ಕೊಟ್ಟ ಹಾಗಾಗುತ್ತದೆ. ಅದು ಅವಳಿಂದ ಆಗಲಿಲ್ಲ.

"ಹೌದು, ನಂದೇ," ಅಂದಳು. "ಸ್ಲೈಡು ತಿರುಗಿಸಿ ಹಾಕಿದ್ದು ನಾನೇ. ಯಾವ ಬದಿ ಸರಿ ಅಂತ ಪರೀಕ್ಷೆ ಮಾಡದೇನೇ ನಂಗೆ ಇಷ್ಟ ಆದ ಬದೀನ ಸರಿ ಅಂದ್ಕೊಂಡೆ. ಹತ್ತೊಂಬತ್ತು ವರ್ಷ ತಪ್ಪನ್ನೇ ಪಾಠ ಮಾಡಿದೀನಿ."

"ಪರವಾಗಿಲ್ಲ, ಪರವಾಗಿಲ್ಲ," ಅಂದರು ಡೀನರು. ದೊಡ್ಡ ಮನಸ್ಸು. "ಇಂಥದ್ದೆಲ್ಲ ಆಗುತ್ತೆ. ಗೈಡ್‌ಗಳು ಹೇಳಿದ್ದನ್ನ ನಮ್ಮವರು ಒಂದ್ಸಲ ನೋಡ್ಕೋಬೇಕಿತ್ತು ಅಷ್ಟೇ."

"ನಾನು ಗೈಡ್ ಅಲ್ಲ." ಅವಳ ಧ್ವನಿ ಹಜಾರದ ತುದಿಯವರೆಗೆ ಹೋಗಿ ಬಂತು. ಸಂಚಾಲಕನ ಕಡೆ ತಿರುಗಿದಳು. "ಈ ಭಾಗ ನಂದು ಅಂದೆಯಲ್ಲ, ನಿನ್ನ ಭಾಗ ಯಾವುದಪ್ಪ? ತೋರಿಸು. ಒಂದು ಪುಟ ತೋರಿಸು ಸಾಕು."

"ಮೇಡಂ, ಇದನ್ನ ಆಫೀಸಲ್ಲಿ ಮಾತಾಡೋಣ."

"ಆಫೀಸು ನಿಂದು. ಇಲ್ಲೇ ಮಾತಾಡೋಣ. ತಪ್ಪು ಸಿಕ್ಕ ತಕ್ಷಣ ನನ್ನ ನೆನಪಾಯ್ತಲ್ಲ ನಿಂಗೆ, ಅಚ್ಚು ಹಾಕಿಸುವಾಗ ಯಾಕೆ ಆಗ್ಲಿಲ್ಲ?"

ಅವನು ಪುಟ ತಿರುವಿದ. ನಿಜವಾಗಿಯೂ ತಿರುವಿದ, ಎಲ್ಲಾದರೂ ತನ್ನದೊಂದು ಪುಟ ಇರಬಹುದು ಅನ್ನುವ ಹಾಗೆ. ಡೀನರು ಅವನನ್ನೇ ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಟ್ಟರು.

"ಅಂದ್ರೆ ಈ ಪುಸ್ತಕ..." ಅಂದರು.

"ನಂದು. ತಪ್ಪು ನಂದಾದ್ರೆ ಉಳಿದಿದ್ದೂ ನಂದೇ."

"ಹಾಗಾದ್ರೆ ಇದನ್ನ ಹಂಚೋ ಹಾಗಿಲ್ಲ," ಅಂದರು ಡೀನರು. ಆ ಮಾತನ್ನು ಅವರು ಸಂಚಾಲಕನಿಗೆ ಹೇಳಲಿಲ್ಲ, ಅವಳಿಗೆ ಹೇಳಿದರು. "ವಾಪಸು ತಗೋಬೇಕಾಗುತ್ತೆ."

"ತಗೊಳ್ತೀನಿ."

ಉತ್ತರಪತ್ರಿಕೆ ಕೂಡಿಸುವ ಹಾಗೆ ಸಾಲಿನ ಮುಂದೆ ನಡೆದು ಒಂದೊಂದಾಗಿ ತೆಗೆದುಕೊಂಡಳು. ಅವಳ ಬದುಕಿನ ಒಂದೇ ಒಂದು ಪುಸ್ತಕ, ಅದು ತನ್ನದು ಅಂತ ಆದ ದಿನವೇ ಕೈಯಾರೆ ವಾಪಸು ಇಸಿದುಕೊಳ್ಳುತ್ತಿದ್ದಾಳೆ. ಇಪ್ಪತ್ತಾಯಿತು, ಡೀನರದು ಸೇರಿ ಇಪ್ಪತ್ತೊಂದು. ಸಂಚಾಲಕನ ಮುಂದೆ ಕೈ ಚಾಚಿ ನಿಂತಳು. ಅವನು ಗೋಡೆಯ ಮೇಲಿನ ನಾಯಿಯನ್ನು ನೋಡುತ್ತ ಕೊಟ್ಟ. ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಹಾಗೇ ಇತ್ತು, ಆದರೆ ಈಗ ಅದರ ಜೊತೆ ನಿಲ್ಲಬಹುದಿತ್ತು.

"ನಿಮ್ಮ ಮುಂದಿನ ಅವಧಿಯ ವಿಷಯ ಆಮೇಲೆ ತಿಳಿಸ್ತೀವಿ," ಅಂದರು ಡೀನರು, ವಾಚು ನೋಡಿಕೊಳ್ಳುತ್ತ. ತಿಳಿಸುವುದು ಇನ್ನೇನೂ ಉಳಿದಿರಲಿಲ್ಲ, ಅವಳಿಗೆ ಅವರ ಮುಖದಲ್ಲೇ ತಿಳಿಯಿತು. "ಬನ್ನಿ, ಊಟಕ್ಕೆ ಹೊತ್ತಾಯ್ತು."

"ನೀವು ಹೋಗಿ," ಅಂದಳು. "ಇವತ್ತಿನ ಕ್ಲಾಸು ಇನ್ನೂ ನಲವತ್ತು ನಿಮಿಷ ಇದೆ."

ಡೀನರು ಹೊರಟರು, ಸಂಚಾಲಕ ಅವರ ಹಿಂದೆ ಹೊರಟ, ಮೂವರು ಮಕ್ಕಳೂ ಹಸಿವಾಗಿದೆ ಅಂತ ಹೊರಟರು. ಉಳಿದವರು ನಿಂತರು. ಅವಳು ಪುಸ್ತಕಗಳನ್ನು ನೆಲದ ಮೇಲೆ ಪೇರಿಸಿ, ಗೋಡೆಯ ಒಂದು ಪಕ್ಕಕ್ಕೆ ಸರಿದಳು, ಮಕ್ಕಳಿಗೆ ಪೂರ್ತಿ ಕಾಣಲಿ ಅಂತ. ಹತ್ತಿರದಿಂದ ನೋಡಿದರೆ ಪಾತ್ರೆ ಹಿಡಿದ ಬೆರಳುಗಳು ಮಡಚಿಕೊಂಡಿದ್ದವು, ಬಟ್ಟೆ ಸುತ್ತಿದ್ದರೂ ಬಿಸಿ ತಾಕುತ್ತಿದೆ ಅನ್ನುವ ಹಾಗೆ. ಇಷ್ಟನ್ನು ಬರೆಯಲು ಆ ಚಿತ್ರಗಾರ ಅವಳನ್ನು ಎಷ್ಟು ಹೊತ್ತು ನೋಡಿದ್ದನೋ.

"ಈ ಗೋಡೆ ನಂಗೆ ಗೊತ್ತಿಲ್ಲ," ಅಂದಳು. "ನಾನೂ ಇವತ್ತೇ ನೋಡ್ತಾ ಇದೀನಿ. ಮೇಜಿನ ಸುತ್ತ ಎಷ್ಟು ಜನ ಇದಾರೆ, ಎಣಿಸಿ."

ಮಕ್ಕಳು ಬೆರಳು ತೋರಿಸಿ ಎಣಿಸಿದರು, ಪಿಸುಗುಟ್ಟಿದರು, ವಾದ್ಯದವರು ಸೇರಿಯೋ ಬಿಟ್ಟೋ ಅಂತ ಜಗಳವಾಡಿದರು.

"ಮೂವತ್ತೊಂದು," ಅಂದಳು ಕನ್ನಡಕದ ಹುಡುಗಿ.

"ಅವರಲ್ಲಿ ಎಷ್ಟು ಜನ ಇವಳ ಕಡೆ ನೋಡ್ತಾ ಇದಾರೆ?"

ಈ ಸಲ ಹೊತ್ತು ಹಿಡಿಯಿತು. ಹುಡುಗಿ ಗೋಡೆಯ ಆ ತುದಿಯವರೆಗೆ ನಡೆದು, ಒಂದೊಂದೇ ಮುಖ ನೋಡಿಕೊಂಡು ವಾಪಸು ಬಂದಳು.

"ಒಬ್ಬರೂ ಇಲ್ಲ ಮೇಡಂ."

"ಬರ್ಕೊಳ್ಳಿ," ಅಂದಳು.